ಏಳನೇ ಕ್ಲಾಸಿನ ನೆಮೊ, ನಲವತ್ತೊಂದರ ನೆಮೊ

ಪ್ರಶ್ನೆ: ಮೇಡಂ, ಏಳನೇ ಕ್ಲಾಸಿನಲ್ಲಿದ್ದಾಗ ಜೂಲ್ಸ್ ವರ್ನ್ ಬರೆದ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ’ ನನಗೆ ಹುಚ್ಚು ಹಿಡಿಸಿತ್ತು. ಎರಡೇ ದಿನದಲ್ಲಿ ಮುಗಿಸಿದ್ದೆ. ಎಂಜಿನಿಯರಿಂಗ್ ಸೇರಿದ್ದಕ್ಕೂ ಅದೊಂದು ಕಾರಣ ಅಂತ ಈಗಲೂ ಹೇಳಿಕೊಳ್ಳುತ್ತೇನೆ. ಈಗ ನನಗೆ 41. ಮಗಳಿಗೆ 11 ತುಂಬಿತು, ಅವಳಿಗೆ ಓದಿ ಹೇಳೋಣ ಅಂತ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುವ ಇಡೀ ಪುಸ್ತಕ ಇಳಿಸಿಕೊಂಡೆ. ನೂರು ಪುಟಕ್ಕೇ ಸುಸ್ತಾಯಿತು. ಬರೀ ಮೀನಿನ ಹೆಸರು. ಲೆಕ್ಕಗಳೂ ತಪ್ಪು. ಉಕ್ಕು ನೀರಿಗಿಂತ ಹಗುರ ಅಂತೆ, ಇಪ್ಪತ್ತು ಸಾವಿರ ಲೀಗ್ ಆಳದ ಸಮುದ್ರ ಎಲ್ಲಿದೆ? ಹೇಗೋ ಮುಗಿಸಿದೆ. ಕೊನೆಯಲ್ಲಿ ಸಬ್‌ಮರೀನಿನ ಒಡೆಯ ಕ್ಯಾಪ್ಟನ್ ನೆಮೊ ಮೇಲೆ ಸಿಟ್ಟೇ ಬಂತು. ನನಗೆ ಓದಿನ ರುಚಿ ಹೋಯಿತೋ, ಪುಸ್ತಕವೇ ಅಷ್ಟಕ್ಕಷ್ಟೆಯೋ? ಹಳೆ ಪುಸ್ತಕ ಮತ್ತೆ ತೆರೆಯಲೇಬಾರದಿತ್ತಾ? ಮಗಳಿಗೆ ಕೊಡಲೋ ಬೇಡವೋ?

ಉತ್ತರ: ನಿಮ್ಮ ಪ್ರಶ್ನೆಗೆ ನನ್ನದೊಂದು ಪ್ರಶ್ನೆ. ಏಳನೇ ಕ್ಲಾಸಿನಲ್ಲಿ ಓದಿದ ಆ ಪುಸ್ತಕ ಎಷ್ಟು ದಪ್ಪ ಇತ್ತು?

ನೆನಪಿಲ್ಲ ಅಲ್ವಾ? ಆದರೆ ಎರಡು ದಿನದಲ್ಲಿ ಮುಗಿಸಿದೆ ಅಂತ ನೀವೇ ಬರೆದಿದ್ದೀರಿ. ಹನ್ನೆರಡು ವರ್ಷದ ಹುಡುಗ, ಸ್ಕೂಲು, ಹೋಮ್‌ವರ್ಕ್, ಸಂಜೆ ಕ್ರಿಕೆಟ್ಟು ಎಲ್ಲ ಮುಗಿಸಿಕೊಂಡು ಎರಡು ದಿನದಲ್ಲಿ ಓದಬಲ್ಲ ಪುಸ್ತಕ ಅದಲ್ಲ. ಪೂರ್ತಿ ಕಾದಂಬರಿ ಎರಡು ಭಾಗ, ನಲವತ್ತಕ್ಕೂ ಜಾಸ್ತಿ ಅಧ್ಯಾಯ. ನೀವು ಓದಿದ್ದು ಮಕ್ಕಳಿಗೆ ಅಂತ ಇಳಿಸಿ ಬರೆದ ನೂರು-ನೂರೈವತ್ತು ಪುಟದ್ದು, ನಡುನಡುವೆ ಚಿತ್ರ ಇದ್ದದ್ದು. ನಾನು ಓದಿದ್ದೂ ಅಂಥದ್ದೇ. ರಟ್ಟು ಹರಿದಿತ್ತು, ಕೊನೆಯ ನಾಲ್ಕು ಹಾಳೆ ಇರಲಿಲ್ಲ, ನೆಮೊ ಕಥೆ ಏನಾಯಿತು ಅಂತ ನನಗೆ ಬಹಳ ವರ್ಷ ಗೊತ್ತೇ ಇರಲಿಲ್ಲ. ಹಾಗಾಗಿ ನೀವು ಹಳೆ ಪುಸ್ತಕ ಮತ್ತೆ ಓದಿಲ್ಲ. ಹೆಸರು ಒಂದೇ ಇರುವ ಬೇರೆ ಪುಸ್ತಕವನ್ನು ಮೊದಲನೇ ಸಲ ಓದಿದ್ದೀರಿ.

ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ನಾನು ಇಪ್ಪತ್ತು ವರ್ಷದಿಂದ ಫ್ರೆಂಚ್ ಕಲಿಸುತ್ತೇನೆ. ಈ ಕಾದಂಬರಿ ವಿಷಯಕ್ಕೆ ಎಷ್ಟು ಜನ ನಿಮ್ಮ ಹಾಗೇ ಮುಖ ಸಪ್ಪೆ ಮಾಡಿಕೊಂಡು ಬಂದಿದ್ದಾರೋ ಲೆಕ್ಕ ಇಟ್ಟಿಲ್ಲ. ಎಲ್ಲರೂ ತಮ್ಮ ವಯಸ್ಸಿನ ಮೇಲೆ ತಪ್ಪು ಹೊರಿಸುತ್ತಾರೆ. ಕೈಗೆ ಬಂದ ಪುಸ್ತಕ ಯಾವುದು ಅಂತ ಯಾರೂ ನೋಡುವುದಿಲ್ಲ.

ಅದಕ್ಕೇ ನಿಮ್ಮ ಲೆಕ್ಕದ ದೂರು ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದರಲ್ಲೇ ಸುಳಿವು ಇದೆ. ಉಕ್ಕು ನೀರಿಗಿಂತ ಹಗುರ ಅಂತ ವರ್ನ್ ಎಲ್ಲೂ ಬರೆದಿಲ್ಲ. ನೆಮೊನ ಸಬ್‌ಮರೀನ್ ನಾಟಿಲಸ್‌ನ ಉಕ್ಕಿನ ತಗಡು ನೀರಿನ 7.8 ಪಟ್ಟು ಸಾಂದ್ರ ಅಂತ ಅವನು ಫ್ರೆಂಚಿನಲ್ಲಿ ‘ಏಳು, ಹತ್ತರಲ್ಲಿ ಎಂಟು’ ಅನ್ನುವ ಧಾಟಿಯಲ್ಲಿ ಬರೆದ. ಅದನ್ನು ಇಂಗ್ಲಿಷಿಗೆ ತಂದ ಲೂಯಿಸ್ ಮರ್ಸಿಯರ್ ಅನ್ನುವ ಪಾದ್ರಿ ‘0.7ರಿಂದ 0.8’ ಅಂತ ಮಾಡಿಬಿಟ್ಟ. ಇದು 1870ರ ದಶಕದ ಆರಂಭದ ಅನುವಾದ. ಮೂಲದ ಸುಮಾರು ಕಾಲು ಭಾಗಕ್ಕೆ ಇದರಲ್ಲಿ ಕತ್ತರಿ ಬಿದ್ದಿದೆ, ಅದರಲ್ಲೂ ಲೆಕ್ಕ, ಯಂತ್ರ, ವಿಜ್ಞಾನ ಬಂದ ಕಡೆ. ಹಕ್ಕುಸ್ವಾಮ್ಯ ಮುಗಿದಿರುವ ಕಾರಣ ಎಲ್ಲ ಕಡೆ ಪುಕ್ಕಟೆ ಸಿಗುವುದೂ, ಅಗ್ಗದ ಪ್ರತಿಗಳಲ್ಲಿ ಅಚ್ಚಾಗುವುದೂ ಬಹುಪಾಲು ಇದೇ. ಇಂಗ್ಲಿಷ್ ಓದುವವರಲ್ಲಿ ‘ವರ್ನ್ ಮಕ್ಕಳ ಲೇಖಕ, ವಿಜ್ಞಾನ ಅಷ್ಟಾಗಿ ಗೊತ್ತಿಲ್ಲ’ ಅನ್ನುವ ಮಾತು ನೂರು ವರ್ಷ ಓಡಾಡಿತಲ್ಲ, ಅದರಲ್ಲಿ ಈ ಪಾದ್ರಿಯ ಪಾಲು ದೊಡ್ಡದು.

ನಿಮ್ಮದೂ ಅದೇನಾ ಅಂತ ಖಾತ್ರಿ ಮಾಡಿಕೊಳ್ಳಬೇಕಾದರೆ ಎರಡನೇ ಅಧ್ಯಾಯದ ಶುರು ನೋಡಿ. ಕಥೆ ಹೇಳುವ ಪ್ರೊಫೆಸರ್ ಅರೊನಾಕ್ಸ್ ಅಮೆರಿಕದ ನೆಬ್ರಾಸ್ಕದಿಂದ ವಾಪಸ್ ಬಂದೆ ಅನ್ನುತ್ತಾನೆ. ಅಲ್ಲಿ ‘ಬ್ಯಾಡ್‌ಲ್ಯಾಂಡ್ಸ್’ ಅಂತ ಒಂದು ಬರಡು ಸೀಮೆ ಇದೆ, ಅದು ಊರಿನ ಹೆಸರಿನ ಹಾಗೆ ಒಂದು ಹೆಸರು. ಮರ್ಸಿಯರ್‌ಗೆ ಅದು ತಿಳಿಯಲಿಲ್ಲ, ‘ಡಿಸಗ್ರೀಯಬಲ್ ಟೆರಿಟರಿ’ ಅಂದುಬಿಟ್ಟ. ಆ ಎರಡು ಪದ ಕಂಡರೆ ಆ ಫೈಲ್ ಅಳಿಸಿ. 1990ರ ದಶಕದಲ್ಲಿ ಎಫ್. ಪಿ. ವಾಲ್ಟರ್, ವಿಲಿಯಂ ಬುಚರ್ ಇಬ್ಬರೂ ಬೇರೆಬೇರೆಯಾಗಿ ಪೂರ್ತಿ ಅನುವಾದ ಮಾಡಿದ್ದಾರೆ. ವಾಲ್ಟರ್ ಅವರದ್ದು ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತವಾಗಿಯೇ ಇದೆ. ಅನುವಾದಕರ ಹೆಸರು ನೋಡಿ ಇಳಿಸಿಕೊಳ್ಳಿ, ಅಷ್ಟೇ.

ಇನ್ನು ಲೀಗ್. ಅದು ಆಳ ಅಲ್ಲ, ದೂರ. ಹಳ್ಳಿಯಲ್ಲಿ ಅಜ್ಜಂದಿರು ‘ಎರಡು ಹರಿದಾರಿ ನಡೆದು ಹೋಗ್ತಿದ್ವಿ’ ಅನ್ನುತ್ತಿದ್ದರಲ್ಲ, ಲೀಗ್ ಅಂಥ ಒಂದು ಅಳತೆ. ವರ್ನ್ ಲೆಕ್ಕದಲ್ಲಿ ಒಂದು ಲೀಗ್ ಅಂದರೆ 4 ಕಿಲೋಮೀಟರ್. ನೀರಿನೊಳಗೆ ಇದ್ದುಕೊಂಡು 80,000 ಕಿಲೋಮೀಟರ್ ತಿರುಗಿದರು, ಅಂದರೆ ಭೂಮಿಗೆ ಎರಡು ಸುತ್ತು. ಆಳದ ವಿಷಯದಲ್ಲಿ ವರ್ನ್ ತಪ್ಪಿದ್ದೂ ಇದೆ. ನಾಟಿಲಸ್ 16,000 ಮೀಟರ್ ಇಳಿಯುತ್ತದೆ. ನಿಜವಾದ ಸಮುದ್ರದಲ್ಲಿ ಅತಿ ಆಳದ ಜಾಗವೂ 11,000 ಮೀಟರ್ ಮುಟ್ಟುವುದಿಲ್ಲ. ದಕ್ಷಿಣ ಧ್ರುವಕ್ಕೂ ಹಡಗು ತೆಗೆದುಕೊಂಡು ಹೋಗಿ 1868ರ ಮಾರ್ಚ್ 21ರಂದು ನೆಮೊ ಕೈಯಲ್ಲಿ ಕಪ್ಪು ಬಾವುಟ ನೆಡಿಸಿದ್ದಾನೆ. ಅಲ್ಲಿ ಇರುವುದು ನೆಲ, ಅದರ ಮೇಲೆ ಕಿಲೋಮೀಟರುಗಟ್ಟಲೆ ಹಿಮ, ಸಬ್‌ಮರೀನ್‌ಗೆ ದಾರಿಯೇ ಇಲ್ಲ. ಆದರೆ ಪಾಪ, ಆಗ ಅಲ್ಲಿಗೆ ಯಾರೂ ಹೋಗಿರಲಿಲ್ಲ. ಅಮುಂಡ್ಸನ್ ಮುಟ್ಟಿದ್ದು 1911ರಲ್ಲಿ. ಇನ್ನೊಂದು ಧ್ರುವದ ಹಿಮದ ಕೆಳಗೆ ಸಬ್‌ಮರೀನ್ ನಿಜವಾಗಿಯೂ ಹೋಯಿತು, 1958ರ ಆಗಸ್ಟ್ 3ರಂದು. ಅಮೆರಿಕದವರ ಆ ಅಣುಶಕ್ತಿ ಹಡಗಿನ ಹೆಸರೂ ನಾಟಿಲಸ್ಸೇ.

ನೀವು ಎಂಜಿನಿಯರ್, ಹಿಮದಡಿ ಸಿಕ್ಕಿಹಾಕಿಕೊಂಡು ಗಾಳಿ ಮುಗಿಯುವ ಅಧ್ಯಾಯವನ್ನು ದಯವಿಟ್ಟು ಒಳ್ಳೆಯ ಅನುವಾದದಲ್ಲಿ ನೋಡಿ. ಹುಡುಗನಾಗಿದ್ದಾಗ ಅಲ್ಲಿ ಉಸಿರು ಬಿಗಿಹಿಡಿದು ಓದಿರುತ್ತೀರಿ. ಈಗ ತಲೆಯಲ್ಲಿ ಬರುವ ಪ್ರಶ್ನೆ ಬೇರೆ: ಅಷ್ಟೊಂದು ವಿದ್ಯುತ್ ಇದೆ, ಸುತ್ತ ನೀರಿದೆ, ನೀರು ಒಡೆದು ಆಮ್ಲಜನಕ ಮಾಡಿಕೊಳ್ಳಬಾರದಾ? ಪ್ರೊಫೆಸರ್‌ಗೂ ಇದೇ ಹೊಳೆಯುತ್ತದೆ, ತಾನೇ ಉತ್ತರವನ್ನೂ ಕೊಡುತ್ತಾನೆ. ಆಮ್ಲಜನಕ ಬಂದರೇನು, ನಾವು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳಲು ಕಾಸ್ಟಿಕ್ ಪೊಟ್ಯಾಷ್ ಬೇಕು, ಅದು ಹಡಗಿನಲ್ಲಿ ಇಲ್ಲ. 1870ರಲ್ಲಿ! ಮನೆಗಳಲ್ಲಿ ಇನ್ನೂ ಕರೆಂಟ್ ದೀಪ ಇರಲಿಲ್ಲ. ನನಗೆ ವಿಜ್ಞಾನ ಅಷ್ಟಕ್ಕಷ್ಟೆ, ಆದರೂ ಈ ಜಾಗದಲ್ಲಿ ಪ್ರತಿ ಸಲ ಖುಷಿಯಾಗುತ್ತದೆ. ಓದುಗ ಕೇಳಬಹುದಾದ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡು ಬರೆದ ಮನುಷ್ಯ ಇವನು.

ಮೀನಿನ ಪಟ್ಟಿಗೆ ಬರೋಣ. ಅದು ಬೋರೇ, ನಾನು ಸುಳ್ಳು ಹೇಳುವುದಿಲ್ಲ. ಫ್ರೆಂಚಿನಲ್ಲೂ ಬೋರೇ. ಮೊದಲ ಸಲ ಮೂಲ ಓದಲು ಕೂತಾಗ ನನಗೆ 26, ಅರ್ಧಕ್ಕೆ ಬಿಟ್ಟೆ. ಆದರೆ ಅದು ಯಾಕೆ ಅಲ್ಲಿದೆ ಅಂತ ಗೊತ್ತಾದ ಮೇಲೆ ಸ್ವಲ್ಪ ಸಹಿಸಿಕೊಳ್ಳಬಹುದು. ಈ ಕಾದಂಬರಿ 1869ರ ಮಾರ್ಚ್‌ನಿಂದ 1870ರ ಜೂನ್‌ವರೆಗೆ ಪ್ಯಾರಿಸಿನ ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಆ ಪತ್ರಿಕೆಯ ಹೆಸರಿನಲ್ಲೇ ‘ಶಿಕ್ಷಣ ಮತ್ತು ಮನರಂಜನೆ’ ಅಂತ ಇತ್ತು, ಶಿಕ್ಷಣ ಮೊದಲು. ಮನೆಮಂದಿಯೆಲ್ಲ ಕೂತು ಓದುವ ಪತ್ರಿಕೆ. ಆಗ ಸಮುದ್ರದ ತಳ ಕಂಡವರು ಎಷ್ಟು ಜನ? ಮುಳುಗುಗಾರರನ್ನು ಬಿಟ್ಟರೆ ಯಾರೂ ಇಲ್ಲ. ಫ್ರಾನ್ಸಿನ ಲೂಯಿ ಬೂತಾನ್ ನೀರಿನೊಳಗೆ ಫೋಟೋ ತೆಗೆದದ್ದೇ 1893ರಲ್ಲಿ. ನಿಮ್ಮ ಮಗಳು ಮೊಬೈಲಿನಲ್ಲಿ ಹವಳದ ದಿಬ್ಬದ ವಿಡಿಯೊ ನೋಡಿ ಬೆಳೆದವಳು. ಆ ಕಾಲದ ಮಗುವಿಗೆ ಮೀನಿನ ಹೆಸರು, ಬಣ್ಣ, ರೆಕ್ಕೆ ಇದೇ ವಿಡಿಯೊ. ನಾಟಿಲಸ್ ಹಜಾರದ ಗಾಜಿನ ಕಿಟಕಿ ತೆರೆದುಕೊಂಡಾಗಲೆಲ್ಲ ವರ್ನ್ ಪುಟಗಟ್ಟಲೆ ಹೆಸರು ಸುರಿಯುವುದು ಅದಕ್ಕೆ.

ಅದರ ನಡುವೆ ಒಂದು ತಮಾಷೆ ಇದೆ, ಮಕ್ಕಳ ಆವೃತ್ತಿಯಲ್ಲಿ ಸಾಮಾನ್ಯವಾಗಿ ಹಾರಿಹೋಗುತ್ತದೆ. ಪ್ರೊಫೆಸರ್ ಜೊತೆಗಿರುವ ಆಳು ಕೊನ್ಸೇಲ್‌ಗೆ ಮೀನಿನ ವರ್ಗ, ಗಣ, ಕುಟುಂಬ ಎಲ್ಲ ಬಾಯಿಪಾಠ, ಆದರೆ ಎದುರಿಗೆ ಈಜುವ ಮೀನು ಯಾವುದು ಅಂತ ಗುರುತು ಹಿಡಿಯಲು ಬರುವುದಿಲ್ಲ. ಭರ್ಜಿ ಎಸೆಯುವ ಕೆನಡಾದ ನೆಡ್ ಲ್ಯಾಂಡ್ ಎಲ್ಲ ಮೀನನ್ನೂ ಹೆಸರಿಡಿದು ಕರೆಯುತ್ತಾನೆ, ಆದರೆ ಅವನ ವರ್ಗೀಕರಣ ಎರಡೇ: ತಿನ್ನುವ ಮೀನು, ತಿನ್ನದ ಮೀನು. ಮಂಗಳೂರಿನ ಬಂದರಿನಲ್ಲಿ ಬಂಗುಡೆ ಬುಟ್ಟಿ ಇಟ್ಟುಕೊಂಡು ಕೂತವರನ್ನು ಕೇಳಿದರೂ ಇದೇ ಉತ್ತರ ಬರಬಹುದು. ಇಬ್ಬರನ್ನೂ ಸೇರಿಸಿದರೆ ಒಬ್ಬ ಒಳ್ಳೆಯ ಜೀವವಿಜ್ಞಾನಿ ಆಗುತ್ತಿದ್ದ ಅಂತ ಪ್ರೊಫೆಸರ್ ಅಂದುಕೊಳ್ಳುತ್ತಾನೆ. ತನ್ನ ಪಟ್ಟಿಯನ್ನು ನೋಡಿ ವರ್ನ್ ತಾನೇ ನಗುತ್ತಿದ್ದಾನೆ ಅಂತ ನನಗೆ ಗೊತ್ತಾಗಿದ್ದು ಮೂರನೇ ಓದಿನಲ್ಲಿ, ಐವತ್ತು ದಾಟಿದ ಮೇಲೆ.

ನಿಮ್ಮ ಸಿಟ್ಟಿನ ವಿಷಯಕ್ಕೆ ಜಾಸ್ತಿ ಜಾಗ ಬೇಕು. ನೆಮೊ ಮೇಲೆ ಸಿಟ್ಟು ಬಂತು ಅಂದಿರಿ. ಬರಬೇಕು. ಬರದಿದ್ದರೆ ನೀವು ಇನ್ನೂ ಏಳನೇ ಕ್ಲಾಸಿನಲ್ಲೇ ಇದ್ದೀರಿ ಅಂತ ಅರ್ಥ.

ಕೊನೆಯಲ್ಲಿ ಒಂದು ಯುದ್ಧದ ಹಡಗು ಎದುರಾಗುತ್ತದೆ. ಯಾವ ದೇಶದ್ದು ಅಂತ ಹೇಳುವುದಿಲ್ಲ, ಬಾವುಟವೂ ಇಲ್ಲ. ಗೋಣಿಚೀಲದೊಳಗೆ ದಬ್ಬಳ ನುಗ್ಗಿದ ಹಾಗೆ ನಾಟಿಲಸ್ ಅದರ ಹೊಟ್ಟೆಯಲ್ಲಿ ಹಾದುಹೋಗುತ್ತದೆ. ಜನ ಹಗ್ಗ ಹಿಡಿದು, ಕಂಬ ಹತ್ತಿ, ನೀರಿನಲ್ಲಿ ಒದ್ದಾಡಿ ಮುಳುಗುವುದನ್ನು ಪ್ರೊಫೆಸರ್ ಕಿಟಕಿಯಿಂದ ನೋಡುತ್ತಾನೆ. ನೆಮೊ ಕೂಡ ನೋಡುತ್ತಾನೆ. ಆಮೇಲೆ ತನ್ನ ಕೋಣೆಗೆ ಹೋಗಿ ಗೋಡೆ ಮೇಲಿನ ಒಂದು ಚಿತ್ರದ ಮುಂದೆ ಮಂಡಿಯೂರಿ ಬಿಕ್ಕಿಬಿಕ್ಕಿ ಅಳುತ್ತಾನೆ. ಚಿತ್ರದಲ್ಲಿ ಒಬ್ಬ ಹೆಂಗಸು, ಎರಡು ಮಕ್ಕಳು. ಮೊದಲು ನಿಮ್ಮ ಕೈಗೆ ಬಂದ ಪುಸ್ತಕದಲ್ಲಿ ಈ ಅಧ್ಯಾಯ ಎರಡು ಸಾಲಿಗೆ ಇಳಿದಿರಬಹುದು, ಇಲ್ಲವೇ ಇಲ್ಲದೆಯೂ ಇರಬಹುದು. ಇದನ್ನು ತೆಗೆದುಬಿಟ್ಟರೆ ನೆಮೊ ಸುಮ್ನೆ ಒಬ್ಬ ಶ್ರೀಮಂತ: ಸ್ವಂತ ಹಡಗು, ಹನ್ನೆರಡು ಸಾವಿರ ಪುಸ್ತಕದ ಲೈಬ್ರರಿ, ಆರ್ಗನ್ ವಾದ್ಯ, ಯಾರ ಕಾಟವೂ ಇಲ್ಲ. ಹನ್ನೆರಡರ ಹುಡುಗನಿಗೆ ಇನ್ನೇನು ಬೇಕು?

ಯಾರ ಮೇಲೆ ಅವನಿಗೆ ಆ ಸೇಡು? ವರ್ನ್ ಮನಸ್ಸಿನಲ್ಲಿ ಮೊದಲಿಗೆ ಇದ್ದದ್ದು ಪೋಲೆಂಡಿನ ಒಬ್ಬ ಶ್ರೀಮಂತ ಮನೆತನದವನು. 1863ರಲ್ಲಿ ರಷ್ಯಾ ವಿರುದ್ಧ ಪೋಲೆಂಡಿನವರು ದಂಗೆ ಎದ್ದರು, ಅದನ್ನು ರಷ್ಯಾ ರಕ್ತ ಹರಿಸಿ ತುಳಿಯಿತು. ಹೆಂಡತಿ ಮಕ್ಕಳನ್ನು ಅದರಲ್ಲಿ ಕಳೆದುಕೊಂಡವನು ನೆಮೊ, ಅವನು ಮುಳುಗಿಸುವುದು ರಷ್ಯಾ ಹಡಗು. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ವರ್ನ್ ಪುಸ್ತಕಗಳಿಗೆ ರಷ್ಯಾದಲ್ಲಿ ಒಳ್ಳೆಯ ಮಾರುಕಟ್ಟೆ ಇತ್ತು. ಗುಲಾಮರ ವ್ಯಾಪಾರಿಗಳ ಶತ್ರು ಅಂತ ಮಾಡು ಅಂದ. ಅದಕ್ಕೆ ವರ್ನ್ ಒಪ್ಪಲಿಲ್ಲ. ಕೊನೆಗೆ ದೇಶದ ಹೆಸರನ್ನೇ ಖಾಲಿ ಬಿಟ್ಟರು. ನೆಮೊ ಅಂದರೆ ಲ್ಯಾಟಿನ್‌ನಲ್ಲಿ ‘ಯಾರೂ ಅಲ್ಲ’, ಆ ಖಾಲಿ ಜಾಗಕ್ಕೆ ಹೆಸರು ಸರಿಯಾಗಿ ಕೂತಿತು.

ಕಥೆ ನಮ್ಮ ಕಡೆಗೆ ತಿರುಗುವುದು ನಾಲ್ಕೈದು ವರ್ಷದ ಮೇಲೆ, 1874-75ರಲ್ಲಿ ಬಂದ ‘ಮಿಸ್ಟೀರಿಯಸ್ ಐಲ್ಯಾಂಡ್’ ಕಾದಂಬರಿಯಲ್ಲಿ. ಅದರ ಕೊನೆಯಲ್ಲಿ ಮುದುಕ ನೆಮೊ ಸಾಯುವ ಮುಂಚೆ ತಾನು ಯಾರು ಅಂತ ಹೇಳುತ್ತಾನೆ. ಹೆಸರು ರಾಜಕುಮಾರ ಡಕ್ಕರ್, ಬುಂದೇಲಖಂಡದ ರಾಜನ ಮಗ, ಟಿಪ್ಪು ಸುಲ್ತಾನನ ಸೋದರನ ಕಡೆಯೋ ಸೋದರಿಯ ಕಡೆಯೋ ಸಂಬಂಧದ ಹುಡುಗ; ಫ್ರೆಂಚ್ ಪದ ಎರಡಕ್ಕೂ ಒಂದೇ. 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಕತ್ತಿ ಹಿಡಿದವನು, ಅಪ್ಪ ಅಮ್ಮ ಹೆಂಡತಿ ಮಕ್ಕಳು ಎಲ್ಲರನ್ನೂ ಕಳೆದುಕೊಂಡವನು. ನಾನು ಇದನ್ನು ಮೊದಲು ಓದಿದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ. ಶ್ರೀರಂಗಪಟ್ಟಣದ ನಂಟು ನಾಟಿಲಸ್‌ಗೆ! ಆಮೇಲೆ ಲೆಕ್ಕ ಹಾಕಿದೆ. ಡಕ್ಕರ್ ಹತ್ತನೇ ವಯಸ್ಸಿಗೆ ಯೂರೋಪಿಗೆ ಹೋಗಿ ಮೂವತ್ತರಲ್ಲಿ, 1849ಕ್ಕೆ, ಊರಿಗೆ ಬಂದ ಅಂತ ಇದೆ. ಅಲ್ಲಿಗೆ ಹುಟ್ಟಿದ್ದು 1819ರ ಸುಮಾರು. ಟಿಪ್ಪು ತೀರಿಕೊಂಡದ್ದು 1799ರ ಮೇ 4. ಮಾವನೋ ದೊಡ್ಡಪ್ಪನೋ ಸತ್ತು ಇಪ್ಪತ್ತು ವರ್ಷವಾದ ಮೇಲೆ ಹುಟ್ಟಿದ ಹುಡುಗ. ಅಸಾಧ್ಯ ಅಲ್ಲ, ಆದರೆ ಬುಂದೇಲಖಂಡಕ್ಕೂ ಮೈಸೂರಿಗೂ ಎಲ್ಲಿಯ ಸಂಬಂಧ? ವರ್ನ್ ಭಾರತಕ್ಕೆ ಯಾವತ್ತೂ ಬಂದವನಲ್ಲ. ಬ್ರಿಟಿಷರ ಶತ್ರು ಅಂದರೆ ಫ್ರೆಂಚ್ ಓದುಗರಿಗೆ ತಟ್ಟನೆ ಗೊತ್ತಾಗುವ ಹೆಸರು ಟಿಪ್ಪು, ಅದನ್ನು ತಂದು ಅಂಟಿಸಿದ ಅಂತ ನನ್ನ ಅಂದಾಜು.

ಇದು ಗೊತ್ತಿಟ್ಟುಕೊಂಡು ಮೊದಲ ಪುಸ್ತಕಕ್ಕೆ ವಾಪಸ್ ಹೋದರೆ ಮಜಾ ಇದೆ. ನೆಮೊ ಕೋಣೆಯ ಗೋಡೆ ಮೇಲೆ ಹೋರಾಟಗಾರರ ಚಿತ್ರಗಳಿವೆ: ಪೋಲೆಂಡಿನ ಕೊಸ್ಚುಷ್ಕೊ, ಐರ್ಲೆಂಡಿನ ಓಕಾನೆಲ್, ಅಮೆರಿಕದ ವಾಷಿಂಗ್ಟನ್, ಲಿಂಕನ್, ಗಲ್ಲಿಗೇರಿದ ಜಾನ್ ಬ್ರೌನ್, ಇನ್ನೂ ಒಬ್ಬಿಬ್ಬರು. ಒಬ್ಬನೇ ಒಬ್ಬ ಭಾರತದವನಿಲ್ಲ. ಟಿಪ್ಪು ಮನೆಯ ಹುಡುಗನ ಗೋಡೆ ಮೇಲೆ ಟಿಪ್ಪುವಿನ ಚಿತ್ರವೇ ಇಲ್ಲ! ಆಗಿನ್ನೂ ನೆಮೊ ನಮ್ಮವನಾಗಿರಲಿಲ್ಲ, ಅದಕ್ಕೆ. ಪೋಲೆಂಡಿನ ಚಿತ್ರ ಮಾತ್ರ ಹಳೆ ಗುರುತಿನ ಹಾಗೆ ಅಲ್ಲೇ ಉಳಿದಿದೆ.

ಆದರೂ ಅದೇ ಪುಸ್ತಕದಲ್ಲಿ ಸಿಂಹಳದ ಅಧ್ಯಾಯ ಇದೆ. ಮುತ್ತು ತೆಗೆಯುವ ಜಾಗಕ್ಕೆ ಎಲ್ಲರನ್ನೂ ನೆಮೊ ಕರೆದುಕೊಂಡು ಹೋಗುತ್ತಾನೆ. ಅಲ್ಲೊಬ್ಬ ಬಡ ಭಾರತೀಯ, ಮುಳುಗಲು ಕಾಲಿನ ನಡುವೆ ಕಲ್ಲು ಸಿಕ್ಕಿಸಿಕೊಂಡು ಒಂದೊಂದೇ ಚಿಪ್ಪು ಕೀಳುತ್ತಿರುತ್ತಾನೆ. ಶಾರ್ಕ್ ಬರುತ್ತದೆ. ನೆಮೊ ಬರೀ ಚೂರಿ ಹಿಡಿದು ಅದರ ಮೇಲೆ ಬೀಳುತ್ತಾನೆ. ಅವನೂ ಸೋಲುವ ಹೊತ್ತಿಗೆ ನೆಡ್ ಭರ್ಜಿ ಹೊಡೆದು ಕಾಪಾಡುತ್ತಾನೆ. ಪ್ರಜ್ಞೆ ಬಂದ ಮೇಲೆ ಆ ಬಡಪಾಯಿಯ ಕೈಯಲ್ಲಿ ನೆಮೊ ಒಂದು ಚೀಲ ಮುತ್ತು ಇಟ್ಟು ಹೊರಟುಬಿಡುತ್ತಾನೆ. ಮನುಷ್ಯರ ಸಂಬಂಧವೇ ಬೇಡ ಅಂದವರು ಇವನಿಗ್ಯಾಕೆ ಜೀವ ಒತ್ತೆ ಇಟ್ಟಿರಿ ಅಂತ ಪ್ರೊಫೆಸರ್ ಕೆಣಕಿದರೆ, ಇವನು ತುಳಿಸಿಕೊಂಡವರ ನಾಡಿನವನು, ಕೊನೆಯುಸಿರಿನ ತನಕ ನಾನೂ ಅದೇ ನಾಡಿನವನು ಅನ್ನುವ ಅರ್ಥದ ಮಾತು ಹೇಳುತ್ತಾನೆ. ಪೋಲೆಂಡಿನವನಾಗಿ ಓದಿದರೂ ಸರಿ, ಭಾರತದವನಾಗಿ ಓದಿದರೂ ಸರಿ. ಇದೇ ಮನುಷ್ಯ ಕೊನೆಗೆ ಹಡಗು ತುಂಬ ನಾವಿಕರನ್ನು ಮುಳುಗಿಸುತ್ತಾನೆ. ಅವರೂ ಎಲ್ಲೋ ಬಡವರ ಮನೆ ಮಕ್ಕಳೇ ಇರಬೇಕಲ್ಲ. ಈ ಎರಡನ್ನೂ ವರ್ನ್ ಪಕ್ಕಪಕ್ಕ ಇಟ್ಟು ತೀರ್ಪು ಕೊಡದೆ ಹೋಗಿದ್ದಾನೆ. ನಿಮಗೆ ಬಂದ ಸಿಟ್ಟು ಪುಸ್ತಕದ ತಪ್ಪು ಅಂದುಕೊಂಡಿರಿ, ನನ್ನ ಪ್ರಕಾರ ಅವನು ಬರೆದದ್ದೇ ಅದಕ್ಕೆ.

ಇನ್ನೊಂದು ಮಾತು, ಸ್ವಲ್ಪ ಚುಚ್ಚಬಹುದು, ಬೇಜಾರು ಮಾಡಿಕೊಳ್ಳಬೇಡಿ. ಚಿಕ್ಕವರಿದ್ದಾಗ ನೆಡ್ ಲ್ಯಾಂಡ್ ನಿಮಗೆ ಹೇಗೆ ಕಂಡಿದ್ದ? ನನಗಂತೂ ಗೊಣಗುವ ಗಿರಾಕಿ. ಸಮುದ್ರದ ಕೆಳಗೆ ಇಷ್ಟೆಲ್ಲ ಅದ್ಭುತ ಇದೆ, ಇವನಿಗೆ ಬರೀ ಮಾಂಸ ಬೇಕು, ಓಡಿಹೋಗಬೇಕು. ಈಗ ಓದಿದರೆ ಅಷ್ಟೂ ಜನರಲ್ಲಿ ನೆಟ್ಟಗೆ ಯೋಚನೆ ಮಾಡುವವನು ಅವನೊಬ್ಬನೇ. ಇವರು ಅತಿಥಿಗಳಲ್ಲ, ಸೆರೆಯಾಳುಗಳು. ಜೀವನಪರ್ಯಂತ ಇಲ್ಲಿಂದ ಹೋಗುವ ಹಾಗಿಲ್ಲ ಅಂತ ನೆಮೊ ಮೊದಲೇ ಹೇಳಿದ್ದಾನೆ. ಪ್ರೊಫೆಸರ್ ಮಾತ್ರ ಒಳ್ಳೆಯ ಊಟ, ಒಳ್ಳೆಯ ಲೈಬ್ರರಿ, ಯಾರಿಗೂ ಸಿಗದ ಸಂಶೋಧನೆಯ ಅವಕಾಶ ಸಿಕ್ಕಿತು ಅಂತ ಇವತ್ತು ಬೇಡ, ನಾಳೆ ನೋಡೋಣ ಅಂದುಕೊಂಡು ತಿಂಗಳುಗಟ್ಟಲೆ ತಳ್ಳುತ್ತಾನೆ. ನೆಡ್ ತಪ್ಪಿಸಿಕೊಳ್ಳೋಣ ಅಂದಾಗಲೆಲ್ಲ ಅವನ ಬಳಿ ಒಂದು ನೆಪ ರೆಡಿ. ಒಳ್ಳೆಯ ಸಂಬಳ, ಕೆಫೆಟೇರಿಯಾ, ಎಸಿ ಇರುವ ಕಡೆ ಹತ್ತು ವರ್ಷ ಕಳೆದವರಿಗೆ ಪ್ರೊಫೆಸರ್ ಪಾತ್ರ ಹನ್ನೆರಡನೇ ವಯಸ್ಸಿನಲ್ಲಿ ಅರ್ಥವಾಗಲು ಸಾಧ್ಯವೇ ಇರಲಿಲ್ಲ. ನಾನೂ ಒಂದೇ ಕಾಲೇಜಿನಲ್ಲಿ ಬೇರು ಬಿಟ್ಟವಳು, ಅದಕ್ಕೇ ಹೇಳುತ್ತಿದ್ದೇನೆ.

ತಿಮಿಂಗಿಲದ ಅಧ್ಯಾಯವೂ ಹಾಗೇ ಮೈ ಬದಲಿಸಿಕೊಂಡಿದೆ. ನೆಡ್ ದಕ್ಷಿಣದ ತಿಮಿಂಗಿಲ ಬೇಟೆಗೆ ಹೊರಟರೆ ನೆಮೊ ಬಿಡುವುದಿಲ್ಲ. ಸುಮ್ನೆ ಕೊಲ್ಲುವುದಕ್ಕೋಸ್ಕರ ಕೊಲ್ಲುವುದಾ, ನಿಮ್ಮ ಬೇಟೆಗಾರರು ಒಂದು ಒಳ್ಳೆಯ ಪ್ರಾಣಿಯ ಕುಲವನ್ನೇ ಅಳಿಸುತ್ತಿದ್ದಾರೆ ಅನ್ನುತ್ತಾನೆ. 1870ಕ್ಕೆ ಎಷ್ಟು ಮುಂದಿನ ಮಾತು ಅಂತ ತಲೆದೂಗುವಷ್ಟರಲ್ಲಿ ಸ್ಪರ್ಮ್ ತಿಮಿಂಗಿಲಗಳ ಹಿಂಡು ಬರುತ್ತದೆ. ಅವು ಕ್ರೂರ, ಕೊಂದರೆ ತಪ್ಪಿಲ್ಲ ಅಂದುಕೊಂಡು ಅದೇ ನೆಮೊ ಹಡಗು ನುಗ್ಗಿಸಿ ಸಮುದ್ರ ಕೆಂಪಾಗುವ ತನಕ ಸೀಳುತ್ತಾನೆ. ಇಲ್ಲಿ ವರ್ನ್‌ಗೆ ಅರಿವಿತ್ತೋ, ಆ ಕಾಲದ ತಿಳಿವಳಿಕೆಯೇ ಅಷ್ಟೋ, ನಾನು ಜಗಳಕ್ಕೆ ಬರುವುದಿಲ್ಲ. ನನಗೆ ಆ ಪುಟ ಓದಲು ಆಗುವುದಿಲ್ಲ, ಹಾರಿಸುತ್ತೇನೆ.

ಮತ್ತೆ ತೆರೆಯಲೇಬಾರದಿತ್ತಾ ಅಂತ ಕೇಳಿದಿರಿ. ಎರಡು ದಿನ ಊಟ ಬಿಟ್ಟು ಓದಿದ ಆ ಪುಸ್ತಕಕ್ಕೆ ಏನೂ ಆಗಿಲ್ಲ, ಅದನ್ನು ನೀವು ಮುಟ್ಟಿಯೇ ಇಲ್ಲ. ಹಳೆ ಪುಸ್ತಕದ ಅಂಗಡಿಯಲ್ಲಿ ಅಂಥದ್ದೇ ಚಿತ್ರದ ಪ್ರತಿ ಸಿಕ್ಕರೆ ತೆಗೆದುಕೊಳ್ಳಿ. ಮಗಳಿಗೆ ಅದನ್ನೇ ಮೊದಲು ಕೊಡಿ. ಸಂಕ್ಷಿಪ್ತ ಅಂತ ಮೂಗು ಮುರಿಯಬೇಡಿ, ನಮ್ಮಿಬ್ಬರಿಗೂ ಹುಚ್ಚು ಹಿಡಿಸಿದ್ದು ಅದೇ. ಪೂರ್ತಿಯದ್ದನ್ನು ಓದಿ ಹೇಳಲೇಬೇಕು ಅಂತಿದ್ದರೆ ಮೊದಲ ಪುಟದಿಂದ ಶುರು ಮಾಡಬೇಡಿ. ಸಿಂಹಳದ ಮುತ್ತಿನ ಅಧ್ಯಾಯದಿಂದ ಹಿಡಿಯಿರಿ, ಎರಡನೇ ಭಾಗದ ಆರಂಭದಲ್ಲೇ ಇದೆ. ಆಮೇಲೆ ಹಿಮದಡಿ ಗಾಳಿ ಮುಗಿಯುವುದು, ದೈತ್ಯ ಸ್ಕ್ವಿಡ್ ಜೊತೆಗಿನ ಹೊಡೆದಾಟ. ಹಡಗು ಮುಳುಗಿಸುವ ಅಧ್ಯಾಯ ಬಂದಾಗ ಅವಳೇ ಏನಾದರೂ ಕೇಳುತ್ತಾಳೆ. ಟಿಪ್ಪು ವಿಷಯ ಆಗಲೇ ಹೇಳಿಬಿಡಬೇಡಿ, ‘ಮಿಸ್ಟೀರಿಯಸ್ ಐಲ್ಯಾಂಡ್’ ಓದುವ ತನಕ ಬಾಯಿ ಕಟ್ಟಿಕೊಳ್ಳಿ. ಮೀನಿನ ಪಟ್ಟಿ ಬಂದ ಕಡೆ ಇಬ್ಬರೂ ಹಾಳೆ ತಿರುಗಿಸಿ, ನೆಡ್ ಲ್ಯಾಂಡ್ ಏನೂ ಅಂದುಕೊಳ್ಳುವುದಿಲ್ಲ.